ಚೆಕ್ಕರನ ಬುಟ್ಟಿ

ಅಲ್ಲ, ಉಡುಪಿ ಚಂದ ಇರಲಿಲ್ಲ ಅಂತ ನಾನು ಎಲ್ಲಿ ಹೇಳಿದೆ ಮಕ್ಕಳೇ? ಚಂದವೇ. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಮಲ್ಲಿಗೆ ಪರಿಮಳ, ನಾಲ್ಕು ಹೆಜ್ಜೆ ಹೋದರೆ ಬೂತಾಯಿ ಮೀನಿನ ವಾಸನೆ, ಬಂದವರಿಗೆಲ್ಲ ಎಲೆ ಹಾಕಿ ಬಡಿಸುವ ಊರು. ಅದೇ ಊರು ಎಂಬತ್ತನೇ ಇಸವಿಯ ಆಚೀಚೆ ಒಮ್ಮೆ ಗಲಾಟೆ ಎದ್ದು ವಾರ ಇಡೀ ಅಂಗಡಿ ಮುಚ್ಚಿತು. ಹಿಂದೂಗಳು, ಬ್ಯಾರಿ ಮುಸಲ್ಮಾನರು ಅಂತ. ನಾನು ಆಗ ಬೀಡಿ ಕಟ್ಟುತ್ತಿದ್ದೆ, ಗೊತ್ತುಂಟಲ್ಲ. ನೆರೆಮನೆಯ ಕತೀಜಮ್ಮನೂ ಕಟ್ಟುತ್ತಿದ್ದಳು. ಗಂಡ ಹಾಸಿಗೆ ಹಿಡಿದವ, ಅವಳ ಬೆರಳು ಓಡಿದರೆ ಮಾತ್ರ ಮನೆಯಲ್ಲಿ ಗಂಜಿ. ನನಗಿಂತ ಚೊಕ್ಕ ಕಟ್ಟುತ್ತಿದ್ದಳು ಮಾರಾಯ್ರೆ.

ಗಲಾಟೆ ತಣಿದ ಮೇಲೆ ಸೋಮವಾರ, ಅಲ್ಲ, ಮಂಗಳವಾರ, ಇಬ್ಬರೂ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದೆವು. ಅಲ್ಲಿ ಚೆಕ್ಕರ್ ಅಂತ ಒಬ್ಬ, ಪ್ರತಿ ಕಟ್ಟನ್ನೂ ಒತ್ತಿ ನೋಡುವವ. ಹಾಳು ಅಂದದ್ದು ಅವನ ಕಾಲಬುಡದ ಬುಟ್ಟಿಗೆ. ಅದಕ್ಕೆ ಮಜೂರಿಯೂ ಇಲ್ಲ, ಬೀಡಿ ವಾಪಸೂ ಇಲ್ಲ. ಕತೀಜಮ್ಮನದ್ದನ್ನು ಅವನು ನೋಡಲೂ ಇಲ್ಲ. "ಹಾಳು. ಹಾಳು. ಇದೂ ಹಾಳು." ಎಲ್ಲ ಬುಟ್ಟಿಗೆ! ಅವಳು "ಅಣ್ಣಾ, ಒಂದು ಕಟ್ಟು ಬಿಚ್ಚಿ ನೋಡಿ" ಅಂದಳು. ಅವನು ಎಲೆಯಡಿಕೆ ಜಗಿಯುತ್ತಾ, "ನಿಮ್ಮವರಿಗೆ ಗಲಾಟೆ ಮಾಡಲು ಮಾತ್ರ ಬರುವುದಾ?" ಅಂದ. ಬೀಡಿ ಕೊಡಲು ಬಂದ ಹೆಂಗಸರೆಲ್ಲ ನೆಲ ನೋಡಿದರು. ನಾನೂ ನೋಡಿದೆ, ಸುಳ್ಳು ಯಾಕೆ? ಆಮೇಲೆ ಸಿಟ್ಟು ತಲೆಗೆ ಏರಿತು.

"ಹಾಳಾದದ್ದು ಅವಳಿಗೆ ವಾಪಸ್ ಕೊಡಿ" ಅಂದೆ. "ಅದು ಕಂಪೆನಿಯ ಸೊತ್ತು" ಅಂದ. "ಹಾಳಾದದ್ದು ಕಂಪೆನಿಗೆ ಎಂತಕ್ಕೆ? ತೆಂಗಿನ ಬುಡಕ್ಕಾ?" ಅಂತ ಬುಟ್ಟಿ ಎಳೆದೆ. ಎಲೆ ಕತ್ತರಿಸುವ ಕತ್ತರಿ ಸೊಂಟದಲ್ಲೇ ಇತ್ತು. ಒಂದು ಕಟ್ಟು ಕಚಕ್ಕನೆ ಎರಡು ತುಂಡು. ಇನ್ನೊಂದು. ಅವನು ಹಾರಿ ಎದ್ದು ಬೊಬ್ಬೆ ಹಾಕಿದ, "ಅಯ್ಯೋ, ಒಳ್ಳೆ ಬೀಡಿ ಹಾಳು ಮಾಡಬೇಡ ಮಾರಾಯ್ತಿ!"

ಅಂಬಲಪಾಡಿಯ ಮುದುಕಿ ಗಿರಿಜಕ್ಕ ಮೂಲೆಯಿಂದ ಕೇಳಿದಳು, "ಒಳ್ಳೆಯದಾ? ಈಗ ಹಾಳು ಅಂದದ್ದು ನಿನ್ನ ಬಾಯಿಯೇ ಅಲ್ವಾ ಮಗಾ?"

ಆಮೇಲೆ ಹೆಂಗಸರು ಬಾಗಿಲು ಬಿಟ್ಟು ಕದಲಲಿಲ್ಲ. ಕತೀಜಮ್ಮನಿಗೆ ಪೂರ್ತಿ ಮಜೂರಿ ಸಿಕ್ಕಿತು. ನನಗೆ ಅಷ್ಟು ಸಾಕಾಗಲಿಲ್ಲ. ಹಾಳು ಅಂದದ್ದನ್ನು ಇನ್ನು ಅವನೇ ನಮ್ಮೆದುರು ಕೂತು ಕತ್ತರಿಸಬೇಕು ಅಂತ ಹಟ ಹಿಡಿದೆ, ಮಾಡಿಸಿದೆ. ಅವನ ಹೆಬ್ಬೆರಳಿಗೆ ಬೊಕ್ಕೆ ಬಂತು. ನೋಡಿ ಹೊಟ್ಟೆ ತಣ್ಣಗಾಯಿತು. ಅವನು ಮುದುಕನಾದ ಮೇಲೆ ಒಮ್ಮೆ ಕಾಪು ಬಸ್ಸಿನಲ್ಲಿ ಸಿಕ್ಕಿ, "ಹಳೆಯದು ಮರೆತುಬಿಡು ತಂಗಿ" ಅಂದ. "ಕತೀಜಮ್ಮನ ಮನೆಗೆ ಹೋಗಿ ಹೇಳು" ಅಂದೆ. ಹೋಗಲಿಲ್ಲ. ನಾನೂ ಮರೆಯಲಿಲ್ಲ.

ನಿಮ್ಮ ಕೈಕೆಲಸ ಹಾಳು ಅಂತ ಯಾರಾದರೂ ಹೇಳಿದರೆ ಅಳಬೇಡಿ. ವಾಪಸ್ ಕೇಳಿ. ಕೊಡದಿದ್ದರೆ ಅದು ಹಾಳಾಗಿಲ್ಲ.