ಹಿಂದಿನ ಚಕ್ರದ ಸದ್ದು

“ನಿನ್ನೆ ಸರಿರಾತ್ರೀಲಿ ಟಿಕ್ ಟಿಕ್ ಅಂತಿತ್ತಲ್ಲ, ಏನೇ ಅದು?”

ಮೂಳೆ ಆಸ್ಪತ್ರೆಯ ಬೆಂಚಿನ ಮೇಲೆ, ನನ್ನ ಪಕ್ಕ ಕುಳಿತಿದ್ದ ಅಪರಿಚಿತ ಅತ್ತೆ-ಸೊಸೆಯರಲ್ಲಿ ಅತ್ತೆ ಕೇಳಿದರು.

“ಹಲ್ಲಿ ಲೊಚಗುಟ್ಟಿರಬೇಕು, ಅತ್ತೆ.”

“ಹಲ್ಲಿ ಗೇಟೂ ತೆಗೆಯುತ್ತಾ? ಸೈಕಲ್ ತಾನೇ?”

ಸೊಸೆ ಮೊಣಕಾಲಿನ ಪಟ್ಟಿಯನ್ನು ಸವರಿಕೊಂಡಳು. “ಹೂಂ. ಲಾರಿ ಗುದ್ದಿದ ಮೇಲೆ ಮೊದಲ ಸಲ ಹತ್ತಿದೆ.”

“ಬೀದಿ ತುದಿಯಿಂದ್ಲೂ ಸದ್ದು ಬಂತು. ತುಳಿಯೋವಾಗ ಹಿಂದಿನ ಚಕ್ರ ಟಿಕ್ ಟಿಕ್ ಅನ್ನಲ್ಲ; ತುಳೀದೆ ತಳ್ಕೊಂಡು ಬಂದಿದ್ದೀಯ. ಮತ್ತೆ ಬಿದ್ಯಾ?”

“ಇಲ್ಲ. ಲಾರಿ ಗುದ್ದಿದ ಅದೇ ತಿರುವು ಬಂತು. ಬ್ರೇಕ್ ಹಿಡಿದು ಇಳಿದುಬಿಟ್ಟೆ.”

“ಅಷ್ಟು ಹೆದರಿಕೆ ಇಟ್ಕೊಂಡು ಯಾಕೆ ಬೇಕಿತ್ತು?”

“ಹೆದರಿಕೆ ಹೋಗ್ಲಿ ಅಂತಾನೇ. ನಿಮ್ಮ ಮಗನಿಗೆ ಹೇಳ್ಬೇಡಿ, ಸೈಕಲ್ ಗುಜರಿಗೆ ಹಾಕ್ತಾರೆ.”

ಒಳಗಿನಿಂದ ನರ್ಸ್ ಕರೆದಳು. ಅತ್ತೆ ಎಕ್ಸ್-ರೇ ಕವರನ್ನು ಎತ್ತಿಕೊಂಡು ಎದ್ದರು.

“ಅವನಿಗೂ ಹೇಳಲ್ಲ, ಡಾಕ್ಟರಿಗೂ ಹೇಳಲ್ಲ. ಆದ್ರೆ ಇನ್ಮೇಲೆ ಹೋಗೋವಾಗ ನನ್ನ ಎಬ್ಬಿಸು. ನೀನು ಬರೋ ತನಕ ಗೇಟಿನ ಹತ್ರ ನಿಂತಿರ್ತೀನಿ.”