ಹಲಗೆಯ ಸದ್ದು

ಕಿವಿ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಇಬ್ಬರು ಮುದುಕರು ಕುಳಿತಿದ್ದರು. ಒಬ್ಬ ಬಡಗಿ, ಇನ್ನೊಬ್ಬ ಅವನ ಹಳೆಯ ಗೆಳೆಯ. ಗೆಳೆಯನ ಮುದಿ ದೋಣಿಯನ್ನು ಇಬ್ಬರೂ ಸೇರಿ ರಿಪೇರಿ ಮಾಡಿದ್ದರು. ಬಡಗಿಗೆ ಕೇಳಿಸಲೆಂದು ಗೆಳೆಯ ಜೋರಾಗಿ ಮಾತಾಡುತ್ತಿದ್ದ, ನಮಗೆಲ್ಲ ಕೇಳಿಸಿತು.

“ಹಲಗೆ ಹಲಗೆನೂ ತಟ್ಟಿ, ಸದ್ದು ಗಟ್ಟಿಯಾಗಿದೆ, ಒಳಗೆ ಟೊಳ್ಳಿಲ್ಲ ಅಂದ್ಯಲ್ಲೋ.”

“ಅಂದೆ.”

“ಕೇಳಿಸ್ತಿತ್ತಾ?”

“ಇಲ್ಲ ಮಾರಾಯ. ನಿನ್ನ ಮುಖ ನೋಡಿ ಹೇಳ್ತಿದ್ದೆ. ಟೊಳ್ಳಿದ್ರೆ ನೀನು ಹುಬ್ಬು ಗಂಟಿಕ್ತೀಯ ಅಂತ.”

“ನಾನು ನಿನ್ನ ಮುಖಾನೇ ನೋಡ್ತಿದ್ದೆ.”

“ಹಾಗಾದ್ರೆ ಸದ್ದು ಕೇಳಿದೋರು ಯಾರು?”

“ಯಾರೂ ಇಲ್ಲ. ಸೋಮವಾರ ನೀರಿಗಿಳಿಸೋದು ಬೇಡ.”

“ಬಣ್ಣಾನೂ ಬಳಿದಾಯ್ತಲ್ಲೋ.”

“ಬಳಿದ್ರೇನು. ಮೊದಲಿಂದ ಶುರು ಮಾಡೋಣ. ನೀನು ತಟ್ಟು, ನಾನು ಕೇಳ್ತೀನಿ.”

ಒಳಗಿನಿಂದ ಬಡಗಿಯ ನಂಬರ್ ಕೂಗಿದರು. ಅವನು ಕುಳಿತೇ ಇದ್ದ. ಗೆಳೆಯ ಮೊಣಕಾಲು ಹಿಡಿದು ಎದ್ದು, ಅವನ ತೋಳು ತಟ್ಟಿ, ಒಳಗೆ ಕರೆದುಕೊಂಡು ಹೋದ.