ಇಲಿ ಹೊತ್ತೊಯ್ದ ವೈರು

ಅಲ್ಲಮ್ಮ, ಇಲಿ ಅಂದ್ರೆ ಇಲಿನೇ. ಯಾಕೆ ನಗ್ತೀಯ? ನಮ್ಮ ಸೇಲಂ ನೇಕಾರ ಸಂಘದ ಇಲಿ ನೀನು ಕಂಡಿಲ್ಲ. ನೂಲು ತಿಂದು ಬೆಳೆದದ್ದು. ಹತ್ತು ದಿನ ಆಯ್ತು, ಈ ಕಂಪ್ಯೂಟರ್ ಡಬ್ಬಿಯ ಕರೆಂಟ್ ವೈರ್ ಪೂರಾ ಎತ್ಕೊಂಡು ಓಯ್ತು. ಪಿನ್ನೂ ಬಿಡಲಿಲ್ಲ.

ಎಷ್ಟು ದೊಡ್ಡದು ಅಂತೀಯಾ? ಇತ್ತು. ದೊಡ್ಡದೇ.

ಪಾಪ, ಮೊರಪ್ಪೂರಿಂದ ರೈಲಿಡಿದು ಬಂದಿದೀಯ. ಟೀ ಕುಡಿ ಇಂದುಜಾ. ಕುಡಿದು ಡಬ್ಬಿ ಕಟ್ಕೊಂಡು ಓಗು. ಅನ್ನೊಂದು ಗಂಟೆಗೆ ಮೀಟಿಂಗು. ನಮ್ಮ ಸಂಘದ ಅಧ್ಯಕ್ಷ, ತಲೈವರ್ ಶಿವಲಿಂಗಂ ಬಂದ್ರೆ, "ಈ ಊರಿಗೆ ಇದು ಆಗಲ್ಲ" ಅಂತ ಒಂದು ಮಾತು ಹೇಳು. ಪೋದುಂ, ಅಷ್ಟು ಸಾಕು.

ಡಬ್ಬಿ ತಂದಿಟ್ಟ ದಿನ ನೀನೇ ಹೇಳಿದ್ದೆ. ಡಬ್ಬಿಯೊಳಗೆ ಏನೂ ಇಲ್ಲ, ಕಂಪ್ಯೂಟರ್ ಚೆನ್ನೈಲೋ ಎಲ್ಲೋ ಐತೆ, ಇಲ್ಲಿ ಬರೀ ಅದರ ಮುಖ ಕಾಣುತ್ತೆ ಅಂತ. ಸರಿ. ಆಯುಧ ಪೂಜೆಗೆ ಕುಂಕುಮ ಎಲ್ಲಿಡಲಿ? ಬಸ್ ಹತ್ತಿ ಚೆನ್ನೈಗೆ ಓಗಲಾ?

ನಗಬೇಡ. ನಿಜವಾಗ್ಲೂ ಕೇಳ್ತಿದೀನಿ.

ಯಾರು, ನಾನಾ? ಡಬ್ಬಿ ಮುಟ್ಟೇ ಇಲ್ಲ! ಮೂವತ್ತೆಂಟು ವರ್ಷ ಗ್ರಾಫ್ ಕಾಗದದಲ್ಲಿ ಸೀರೆ ಅಂಚು ಬರೆದ ಕೈ ಇದು. ಬೆಳಗ್ಗೆ ಎಂಟಕ್ಕೆ ನೇಕಾರರು ಬಂದು ಕಾಗದ ಇಸ್ಕೋತಾರೆ. ಕಾಗದಕ್ಕೆ ಐದು ನಿಮಿಷ, ಜಗಳಕ್ಕೆ ಒಂದು ಗಂಟೆ. ಆ ನಾರಾಯಣಮ್ಮನ ಬಾಯಿ ಕೇಳಬೇಕು ನೀನು... ಮಾದೇಶನ ಸುಳ್ಳು ಕೇಳಬೇಕು... ಇನ್ಮೇಲೆ ಮನೇಲಿ ಕೂತು ಫೋನಲ್ಲೇ ಡಿಸೈನ್ ನೋಡ್ಕೋತಾರಂತೆ. ಈ ಮೆಟ್ಟಿಲು ಯಾರು ಹತ್ತುತಾರೆ? ಯಾರ ಹತ್ರ ನಾನು ಜಗಳ ಆಡಲಿ?

ಅದಕ್ಕಲ್ಲ ಹೇಳ್ತಿರೋದು. ಇಲಿ ವಿಷಯ ಹೇಳ್ತಿದೀನಿ.

ಯಾಕೆ ನನ್ನ ಸೊಂಟ ನೋಡ್ತೀಯ? ಎಲೆ ಅಡಿಕೆ ಚೀಲ. ಉಬ್ಬಿದ್ರೆ ಉಬ್ಬಲಿ. ಜಾಸ್ತಿ ಅಗೀತೀನಿ... ಹಲ್ಲಿಲ್ವಾ? ಕುಟ್ಕೊಂಡು ಅಗೀತೀನಿ! ನೀನು ಬಂದಿರೋದು ಡಬ್ಬಿ ನೋಡೋಕೆ. ಡಬ್ಬಿ ನೋಡು.

ಅದೇನು ತೆಗೀತಿದೀಯ? ನಿನ್ನ ಲ್ಯಾಪ್‌ಟಾಪಾ? ನನ್ನ ಹೆಸರು ಯಾಕೆ ಒತ್ತುತೀಯ ಅದರಲ್ಲಿ? ಪಾಸ್‌ವರ್ಡಾ? ನನಗೇನು ಗೊತ್ತು! ಮುಟ್ಟೇ ಇಲ್ಲ ಅಂದೆನಲ್ಲ... ಸಂಘದ ಹೆಸರಾ? ಅಲ್ಲಲ್ಲ, ಅದು ಹಳೇದು. ಗುಂಡಮ್ಮ ಅಂತ ಒತ್ತು. ನನ್ನ ಹೆಂಡತಿ ಹೆಸರು.

...ಸುಮ್ಮನೆ ಒಂದು ಊಹೆ.

ಒತ್ತಿದ್ರೂ ಏನು ಬರುತ್ತೆ? ವೈರೇ ಇಲ್ಲ. ವೈರ್ ಕಿತ್ರೆ ಎಲ್ಲಾ ಅಳಿಸಿ ಓಗುತ್ತೆ. ಅಷ್ಟು ನನಗೂ ಗೊತ್ತು.

...

ಏನಮ್ಮ?

ಅದನ್ನ ಯಾಕೆ ನನ್ನ ಕಡೆ ತಿರುಗಿಸಿದೆ? ಕನ್ನಡಕ ಇಲ್ಲ... ಐತೆ, ಇರು.

"ಮಾನ್ಯ ತಲೈವರ್ ಅವರಿಗೆ. ಹತ್ತು ದಿನದಿಂದ ಈ ಯಂತ್ರ ಒಂದು ಅಕ್ಷರವನ್ನೂ ತೋರಿಸಿಲ್ಲ. ಇಲಿ..."

ನಾನು ಒತ್ತಿದ್ದು ಅಷ್ಟೇ ಐತಾ? ಇಲಿ ಅಂತ ನಿಂತೈತಾ? ಅಷ್ಟೊತ್ತಿಗೆ ನಾರಾಯಣಮ್ಮ ಮೆಟ್ಟಿಲು ಹತ್ತೋ ಸದ್ದಾಯ್ತು. ಪಟ್ ಅಂತ ವೈರ್ ಕಿತ್ತೆ...

ನಿನ್ನೆ ಸಾಯಂಕಾಲ ನಾಲ್ಕು ಗಂಟೆ ಅಂತಾನೂ ತೋರಿಸುತ್ತಾ? ಅಯ್ಯೋ ಕಡವುಳೇ.

ಅಂದ್ರೆ ಇಲ್ಲಿ ಕಿತ್ರೂ ಅಲ್ಲಿ ಅಂಗೇ ಇರುತ್ತಾ? ದೀಪ ಆರಿಸಿ ಮಗ್ಗದಿಂದ ಎದ್ರೆ ಅರ್ಧ ನೇಯ್ದ ಸೀರೆ ಅಂಗೇ ಇರುತ್ತಲ್ಲ, ಇದೂ ಅಂಗೇನಾ? ಬೆಳಗ್ಗೆ ಯಾರು ಬಂದ್ರೂ ಕಾಣುತ್ತೆ, ಎಲ್ಲಿಗೆ ನಿಲ್ಲಿಸಿದ್ದ ಅಂತ? ಹುಟ್ಟಿದಾಗಿಂದ ಮಗ್ಗದ ಮುಂದೆ ಕೂತವನು ನಾನು. ನನಗೆ ಹೊಳೀಬೇಡವಾ?

ಬೈಯಿ ಮಗಳೇ. ನಗಾದ್ರೂ ನಗು. ಆಗಿಂದ ನಗ್ತಾನೇ ಇದ್ದೆಯಲ್ಲ...

ಮೀಟಿಂಗಲ್ಲಿ ಒಂದು ಹೇಳ್ತೀಯಾ? ಡಿಸೈನ್ ಫೋನಲ್ಲೇ ನೋಡ್ಕೊಳ್ಳಿ, ಸಂದೇಹ ಇದ್ರೆ ಮಾತ್ರ ಎಂಟು ಗಂಟೆಗೆ ಇಲ್ಲಿಗೆ ಬನ್ನಿ ಅಂತ. ನಾರಾಯಣಮ್ಮನಿಗೆ ದಿನಾ ಸಂದೇಹ ಬರುತ್ತೆ. ಅದು ಸಾಕು ನನಗೆ.

ಕೈ ಯಾಕೆ ಚಾಚಿದೆ? ಓ.

ತಗೋ ವೈರು. ಬೆಚ್ಚಗೈತೆ, ತಪ್ಪು ತಿಳೀಬೇಡ. ನಿನ್ನೆಯಿಂದ ಇಲಿ ನನ್ನ ಸೊಂಟದಲ್ಲೇ ಇತ್ತು.